ಸಾವಿನ ಕೂಡುರಸ್ತೆಗೆ ಹಂಪ್ ಒಂದೇ ಮದ್ದಲ್ಲ

ರಾಜ್ಯ ಹೆದ್ದಾರಿಗೆ ಹಳ್ಳಿ ರಸ್ತೆ ಬಂದು ಸೇರುವಲ್ಲಿ ಮೇಲಿಂದ ಮೇಲೆ ಅಪಘಾತವಾದರೆ ಊರವರು ಮೊದಲು ಕೇಳುವುದು ಹಂಪ್. ಕೆಲವೆಡೆ ರಾತ್ರೋರಾತ್ರಿ ಜಲ್ಲಿ ಸುರಿದು ತಾವೇ ಹಾಕಿಬಿಡುತ್ತಾರೆ. ಬಣ್ಣ, ಫಲಕ ಎರಡೂ ಇಲ್ಲದ ಆ ದಿಬ್ಬಕ್ಕೆ ಮುಂದೆ ಬೈಕ್ ಸವಾರರೇ ಬಲಿಯಾಗುತ್ತಾರೆ.

ಕೆಲಸ ಠಾಣೆಯ ದಾಖಲೆಯಿಂದ ಶುರುವಾಗಬೇಕು. ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್, ಅಂದರೆ ಅಪಘಾತ ಮರುಕಳಿಸುವ ಜಾಗ. ಇದು ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಕೊಟ್ಟ ಅಳತೆ. ರಾಜ್ಯ ಹೆದ್ದಾರಿಗೂ ಒಳ್ಳೆಯ ಮಾನದಂಡ. ಎಫ್‌ಐಆರ್‌ನ ‘ಅತಿವೇಗ, ಅಜಾಗರೂಕತೆ’ಗೇ ನಿಲ್ಲಬೇಡಿ. ಯಾರು ಯಾವ ದಿಕ್ಕಿನಿಂದ ಬಂದರು, ಎಷ್ಟು ಹೊತ್ತಿಗೆ, ಮಳೆಯಿತ್ತೇ ಎಂದು ಒಂದೊಂದು ಡಿಕ್ಕಿಯನ್ನೂ ನಕ್ಷೆಯಲ್ಲಿ ಬಾಣ ಹಾಕಿ ಗುರುತಿಸಿ. ಬಾಣಗಳು ಅಡ್ಡಡ್ಡ ಬಿದ್ದಿದ್ದರೆ ನೋಟಕ್ಕೆ ತಡೆ ಇರಬಹುದು. ರಾತ್ರಿ ಹಿಂದಿನಿಂದ ಗುದ್ದಿದವೇ ಹೆಚ್ಚಾದರೆ ನಿಂತ ವಾಹನ ಕಾಣುತ್ತಿಲ್ಲ. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರ್ಯಾಲಿಗಳ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದೇ ಮೊದಲ ಕೆಲಸ.

ನೋಟ ಪರೀಕ್ಷೆಗೆ ಇಬ್ಬರು, ಒಂದು ಟೇಪು, 1.2 ಮೀಟರ್ ಉದ್ದದ ಎರಡು ಕೋಲು ಸಾಕು. ಒಬ್ಬರು ಹಳ್ಳಿ ರಸ್ತೆಯಲ್ಲಿ, ಹೆದ್ದಾರಿ ಅಂಚಿನಿಂದ 15 ಮೀಟರ್ ಹಿಂದೆ ಕೋಲು ನಿಲ್ಲಿಸಿ ಅದರ ತುದಿಗೆ ಕಣ್ಣು ಹಿಡಿಯಬೇಕು. ಅದು ಕಾರು ಚಾಲಕರ ಕಣ್ಣಿನ ಎತ್ತರ. ಇನ್ನೊಬ್ಬರು ಇನ್ನೊಂದು ಕೋಲಿನ ತುದಿಗೆ ಬಟ್ಟೆ ಕಟ್ಟಿ ಹೆದ್ದಾರಿ ಗುಂಟ ನಡೆಯಲಿ. ಹೆದ್ದಾರಿಯಲ್ಲಿ ವೇಗ 80 ಕಿ.ಮೀ. ಇದ್ದರೆ ಎರಡೂ ಕಡೆ 180 ಮೀಟರ್‌ವರೆಗೆ ಬಟ್ಟೆ ಮರೆಯಾಗಬಾರದು. ಆ ವೇಗಕ್ಕೆ ಸೆಕೆಂಡಿಗೆ 22 ಮೀಟರ್, ಅಂದರೆ ದಾಟುವವರಿಗೆ ಸಿಗುವುದು ಬರೀ 8 ಸೆಕೆಂಡು. ಅಡ್ಡ ಬರುವುದು ಬಹುಪಾಲು ಲಂಟಾನ, ಫ್ಲೆಕ್ಸ್, ಗೂಡಂಗಡಿ. ಇವನ್ನು ತೆಗೆಯಲು ಟೆಂಡರ್ ಬೇಕಿಲ್ಲ, ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಆಯಿತು.

ಹಂಪ್ ಹಾಕುವುದು ಹಳ್ಳಿ ರಸ್ತೆಗೆ, ಹೆದ್ದಾರಿಗಲ್ಲ. ಹೆದ್ದಾರಿ ಅಂಚಿನಿಂದ ಸುಮಾರು 5 ಮೀಟರ್ ಹಿಂದೆ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ದುಂಡನೆಯ ಬೆನ್ನು. ಅದರ ಮೇಲೆ ಕಪ್ಪು ಬಿಳುಪು ಪಟ್ಟಿ, ಮೊದಲೇ ಎಚ್ಚರಿಕೆ ಫಲಕ. ಅಗಲ ಕಡಿಮೆ ಮಾಡಿ ಚೂಪಾಗಿಸಿದರೆ ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ.

ಡಾಂಬರಿನ ಅಂಚೂ ನೋಡಿ. ಮೇಲಿಂದ ಮೇಲೆ ಪದರ ಹಾಕಿ ಪಕ್ಕದ ಮಣ್ಣು ನಾಲ್ಕು ಬೆರಳು ಕೆಳಗಿಳಿದಿದ್ದರೆ, ಇಳಿದ ಬೈಕ್ ಮತ್ತೆ ಹತ್ತುವಾಗ ಚಕ್ರ ಅಂಚಿಗೆ ಉಜ್ಜಿ ಮಗುಚುತ್ತದೆ. ಗ್ರಾವೆಲ್ ತುಂಬಿ, ರೋಲರ್ ಹೊಡೆದು ಸಮ ಮಾಡಿಸಿ.

ತಿರುವಿನ ಉಕ್ಕಿನ ತಡೆಬೇಲಿಯ ಕಂಬಗಳು 2 ಮೀಟರ್‌ಗೊಂದು, ಬೇಲಿಯ ಮೇಲಂಚು ರಸ್ತೆಯಿಂದ 70 ಸೆಂ.ಮೀ. ಎತ್ತರದಲ್ಲಿರಲಿ. ತುದಿಯನ್ನು ವಾಹನದತ್ತ ಮುಖ ಮಾಡಿ ಬಿಟ್ಟರೆ ಅದು ಈಟಿಯಂತೆ ಕಾರಿನೊಳಗೆ ನುಗ್ಗುತ್ತದೆ. ಹೊರಕ್ಕೆ ಬಾಗಿಸಿ ನೆಲಕ್ಕಿಳಿಸಿ.

ಬೆಳಗಾವಿ–ಯರಗಟ್ಟಿ ರಾಜ್ಯ ಹೆದ್ದಾರಿಯನ್ನು ವಿಶ್ವಬ್ಯಾಂಕ್ ನೆರವಿನಲ್ಲಿ ಮಾದರಿ ಸುರಕ್ಷಿತ ಕಾರಿಡಾರ್ ಮಾಡಿದಾಗ ಎಂಜಿನಿಯರುಗಳ ಜತೆ ಪೊಲೀಸ್, ಆರೋಗ್ಯ ಇಲಾಖೆಗಳೂ ಕೈಜೋಡಿಸಿದವು. ನಿಮ್ಮ ಕೂಡುರಸ್ತೆಗೂ ಠಾಣೆಯವರನ್ನು, ಆಂಬುಲೆನ್ಸ್‌ನವರನ್ನು ಕರೆಸಿ, ರಾತ್ರಿ ಹೊತ್ತು ಒಮ್ಮೆ ಜತೆಯಾಗಿ ನಿಂತು ನೋಡಿ. ಮುಂಗಾರು ಮುಗಿಯುವ ಹೊತ್ತಿಗೆ ಲಂಟಾನ ಮತ್ತೆ ಎದ್ದಿರುತ್ತದೆ. ಅದೇ ಕೋಲು ಹಿಡಿದು ಇನ್ನೊಮ್ಮೆ ಹೋಗಿ.