ಅಡ್ವಾನ್ಸಿನಲ್ಲಿ ರಿಪೇರಿ ದುಡ್ಡು ಹಿಡಿದೆ, ಜಗಳ ಆಗಲಿಲ್ಲ

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಮಾಮೂಲಿ. ರಗಳೆ ಶುರುವಾಗುವುದು ಅದರ ಮೇಲಿನ ರಿಪೇರಿಗೆ.

ವಿಜಯನಗರದ ನಮ್ಮ ಮಹಡಿ ಮನೆಯಲ್ಲಿ ನಾನು ಎರಡು ಸಲ ಕೈ ಸುಟ್ಟುಕೊಂಡೆ. ಮೊದಲ ಸಲ, ಸಾಮಾನು ಹೇರಿಕೊಂಡು ನಿಂತಿದ್ದಾರೆ ಪಾಪ ಅಂತ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆ. ಮಾರನೇ ದಿನ ನೋಡಿದರೆ ಕಮೋಡ್ ಬಿರುಕು ಬಿಟ್ಟಿದೆ, ವಾರ್ಡ್‌ರೋಬಿನ ಬಾಗಿಲು ಕೈಗೇ ಬಂತು. ಸುಮಾರು 18 ಸಾವಿರ ನನ್ನ ತಲೆಗೇ ಬಿತ್ತು. ಎರಡನೇ ಸಲ ಕಣ್ಣಂದಾಜಿನಲ್ಲಿ 40 ಸಾವಿರ ಹಿಡಿದೆ. ಲಾಯರ್ ನೋಟಿಸ್ ಬಂತು. ತೋರಿಸೋಕೆ ಒಂದು ಬಿಲ್ಲೂ ಇರಲಿಲ್ಲ. 30 ವಾಪಸ್ ಕೊಟ್ಟು ಸುಮ್ಮನಾದೆ.

ಈಗ ಕೀ ಕೊಡುವ ದಿನ ವಿಡಿಯೋ ತೆಗೆಯುವುದು ಬಾಡಿಗೆಗೆ ಬರುವವರೇ, ಅವರ ಫೋನಿನಲ್ಲೇ. ಅವರೇ ನನಗೆ ವಾಟ್ಸಾಪ್ ಮಾಡಬೇಕು. 11 ತಿಂಗಳ ಅಗ್ರಿಮೆಂಟಿನ ಜೊತೆ ಒಂದು ಹಾಳೆ: ಯಾವ ಸಾಮಾನು, ಯಾವ ವರ್ಷ ಹಾಕಿಸಿದ್ದು, ಎಷ್ಟಾಯಿತು. ಹಳೇ ಸಾಮಾನಿಗೆ ಹೊಸ ರೇಟು ಕೇಳುವುದಿಲ್ಲ. ಸವೆದಿದ್ದು ನನ್ನ ಖರ್ಚು, ಒಡೆದಿದ್ದು ಅವರದು.

"ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ್ರೆ ಮನೆ ಖಾಲಿ ಬೀಳುತ್ತೆ ಭಾವ" ಅಂತ ಭಾವಮೈದ ನಕ್ಕಿದ್ದ. ಹತ್ತೇ ದಿನಕ್ಕೆ ಮನೆ ಬಾಡಿಗೆಗೆ ಹೋಯಿತು!

ಹಾಗೆ ಬಂದವರು ಮೂರು ವರ್ಷ ಇದ್ದರು. ಬಾತ್‌ರೂಮಿನಲ್ಲಿ ಡ್ರಿಲ್ ಮಾಡಿ ನಾಲ್ಕು ಟೈಲ್ಸ್ ಒಡೆದಿದ್ದರು, ನಾಯಿ ಬಾಗಿಲನ್ನು ಕೆರೆದು ಹಾಕಿತ್ತು. ಖಾಲಿ ಮಾಡುವ ವಾರ ಮೊದಲೇ ಕೂತು, ಅವರದೇ ವಿಡಿಯೋ ನೋಡಿದೆವು. "ನೀವೇ ಮಾಡಿಸಿಕೊಡಿ, ಇಲ್ಲ ಬಿಲ್ ಪ್ರಕಾರ ಹಿಡೀತೀನಿ" ಅಂದೆ. ನಾನು ಕೇಳಿದ್ದು 27 ಸಾವಿರ, ಒಪ್ಪಿದ್ದು 23ಕ್ಕೆ. ಅಡ್ವಾನ್ಸಿನಲ್ಲಿ ಉಳಿದದ್ದನ್ನು ಅವತ್ತೇ ಹಾಕಿಬಿಟ್ಟೆ. ಮಾತು ಯಾವ ಕೋಣೆಯಿಂದ ಶುರು ಮಾಡುತ್ತೇನೆ ಅನ್ನೋದು ಮಾತ್ರ ಹೇಳಲ್ಲ. ಕೈಚಳಕ ಇರುವುದೇ ಅಲ್ಲಿ.

ನಡುವೆ ಒರೆಸಿದರೆ ಹೋಗುವಂಥ ದುಬಾರಿ ಪೇಂಟೂ ಹೊಡೆಸಿ ನೋಡಿದೆ. ಮಕ್ಕಳ ಕ್ರೇಯಾನ್ ಗೀಚು ಹೋಯಿತು ನಿಜ, ಆದರೆ ಅಂಟಿಸುವ ಹುಕ್ ಕಿತ್ತಾಗ ಪೇಂಟು ಹಪ್ಪಳದ ಹಾಗೆ ಎದ್ದು ಬಂತು. ದುಡ್ಡು ದಂಡ. ಅದಕ್ಕಿಂತ ಹಾಲ್‌ನ ಗೋಡೆಗೆ ಉದ್ದಕ್ಕೆ ಹೊಡೆಸಿದ ಮರದ ಪಟ್ಟಿ ಕೆಲಸಕ್ಕೆ ಬಂತು, ಸಾವಿರ ರೂಪಾಯಿಯೂ ಆಗಲಿಲ್ಲ. ಮೊಳೆ ಎಲ್ಲ ಅದಕ್ಕೇ. ಆ ಮೂರು ವರ್ಷದಲ್ಲಿ ಗೋಡೆಗೆ ಬಿದ್ದಿದ್ದು ಒಂದೇ ಒಂದು ಮೊಳೆ. ಅದೂ ದೇವರ ಫೋಟೋಗೆ. ಲೆಕ್ಕಕ್ಕೆ ಹಿಡಿಯಲಿಲ್ಲ.