ಏಳು ಕಿಲೊ ಬ್ಯಾಗಿನಲ್ಲಿ ಒಂದು ತಿಂಗಳ ಜಪಾನ್, ಗೇಮ್ ಸಮೇತ

ಗೇಮ್ ಆಡೋಕೆ ಜಪಾನಿಗೆ ಯಾಕೆ ಹೋಗಬೇಕು, ಜಯನಗರದ ರೂಮಿನಲ್ಲೇ ಆಡಬಹುದಲ್ಲ ಅಂದವರು ಒಂದಷ್ಟು ಜನ. ಗೇಮಿಂಗ್ ಲ್ಯಾಪ್‌ಟಾಪ್ ಒಯ್ಯದಿದ್ದರೆ ಹತ್ತು ದಿನಕ್ಕೇ ಬೇಜಾರು ಹಿಡಿಯುತ್ತೆ ಅಂದವರು ಇನ್ನೊಂದಷ್ಟು ಜನ. ಒಂದು ಸ್ಟೀಮ್ ಡೆಕ್ (ಪಿಸಿ ಆಟಗಳನ್ನು ಕೈಯಲ್ಲಿ ಹಿಡಿದು ಆಡುವ ಸಾಧನ), ಒಂದು ಚಾರ್ಜರ್, ಒಂದು ಬ್ಯಾಗು, ಇಷ್ಟರಲ್ಲೇ ತಿಂಗಳು ಕಳೆಯಿತು. ಆಗ ನಕ್ಕವರೇ ಈಗ ಲಿಸ್ಟ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಡೆಕ್ ಬಳಸಿ ಗೊತ್ತಿರುವವರಿಗೆ ಮಾತ್ರ ಇದು. ವಿಂಡೋಸ್ ಆಟಗಳನ್ನು ಡೆಕ್ಕಿನಲ್ಲಿ ಓಡಿಸುವ ಪ್ರೋಟಾನ್ ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿ ವಿವರಿಸುವುದಿಲ್ಲ.

ಮೊದಲು ತೂಕ. ಗೇಮಿಂಗ್ ಲ್ಯಾಪ್‌ಟಾಪ್ ಎರಡೂವರೆ ಕಿಲೊ, ಅದರ ಅಡಾಪ್ಟರ್ ಮುಕ್ಕಾಲು ಕಿಲೊ. ಜಪಾನಿನ ಒಳಗೆ ಓಡಾಡುವ ಅಗ್ಗದ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗು 7 ಕಿಲೊ ದಾಟುವಂತಿಲ್ಲ, ಗೇಟಿನಲ್ಲೇ ತೂಗುತ್ತಾರೆ. ಓಎಲ್‌ಇಡಿ ಡೆಕ್ 640 ಗ್ರಾಂ, ಹಳೇ ಎಲ್‌ಸಿಡಿ 669. ಗಟ್ಟಿ ಕೇಸ್ ಹಾಕಿದರೂ ಒಂದು ಕಿಲೊ ಸುತ್ತಮುತ್ತ. ಉಳಿದ ತೂಕ ಬಟ್ಟೆಗೆ ಮತ್ತು ಚಟ್ನಿಪುಡಿಗೆ. ಮೀನಿನ ಸಾರು ಎಲ್ಲದರಲ್ಲೂ ಇರುವ ದೇಶದಲ್ಲಿ ಸಸ್ಯಾಹಾರಿಗೆ ಚಟ್ನಿಪುಡಿ ಇಲ್ಲದೆ ತಿಂಗಳು ದೂಡುವುದು ಕಷ್ಟ.

ಕರೆಂಟ್ ವಿಷಯ ತುಸು ನಿಧಾನವಾಗಿ ಹೇಳಬೇಕು. ಜಪಾನಿನಲ್ಲಿ 100 ವೋಲ್ಟ್, ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ನಮ್ಮ ಚಾರ್ಜರುಗಳಿಗೆ ಇದರಿಂದ ತೊಂದರೆಯಿಲ್ಲ, 100-240 ಅಂತ ಬರೆದಿದ್ದರೆ ಸಾಕು. ತೊಂದರೆ ಪಿನ್ನಿನದು. ಅಲ್ಲಿ ಎರಡು ಚಪ್ಪಟೆ ಪಿನ್. ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಅದರ ಮೇಲೆ ನಮ್ಮ ಭಾರದ 65 ವ್ಯಾಟ್ ಚಾರ್ಜರ್ ಹಾಕಿದರೆ ಹಾಸ್ಟೆಲ್ಲಿನ ಸಡಿಲ ಸಾಕೆಟ್ಟಿನಿಂದ ಅದು ಜೋತುಬೀಳುತ್ತದೆ, ರಾತ್ರಿ ಯಾವಾಗಲೋ ಸಂಪರ್ಕ ತಪ್ಪಿ ಬೆಳಿಗ್ಗೆ ನೋಡಿದರೆ ಬ್ಯಾಟರಿ 20 ಪರ್ಸೆಂಟ್. ನೂರು ಯೆನ್ ಅಂಗಡಿಯಲ್ಲಿ ಗೇಣುದ್ದದ ಎಕ್ಸ್‌ಟೆನ್ಷನ್ ಸಿಗುತ್ತದೆ, ಮೊದಲ ದಿನವೇ ಕೊಳ್ಳಿ. ಚಾರ್ಜರ್ ನೆಲದ ಮೇಲೆ ಕೂರುತ್ತದೆ, ಸಮಸ್ಯೆ ಮುಗಿಯಿತು.

ಡೆಕ್ ಕೇಳುವುದು 45 ವ್ಯಾಟ್, ಅಂದರೆ 15 ವೋಲ್ಟ್ 3 ಆಂಪ್. 65 ವ್ಯಾಟಿನ ಎರಡು ಪೋರ್ಟ್ ಚಾರ್ಜರಿನಲ್ಲಿ ಫೋನೂ ಸೇರಿಸಿದರೆ ಸಾಮಾನ್ಯವಾಗಿ 45 ಮತ್ತು 20 ಅಂತ ಹಂಚಿಕೊಳ್ಳುತ್ತದೆ, ಅದು ಸರಿ. ಕೆಲವು ಮಾದರಿಗಳು 30-30 ಹಂಚುತ್ತವೆ. ಆಗ ಆಡುತ್ತಾ ಚಾರ್ಜ್ ಮಾಡಿದರೆ ಬ್ಯಾಟರಿ ಏರುವುದೇ ಇಲ್ಲ. ಕೊಳ್ಳುವ ಮೊದಲು ಚಾರ್ಜರಿನ ಬೆನ್ನ ಮೇಲಿನ ಸಣ್ಣಕ್ಷರ ಓದಿ. ಪವರ್ ಬ್ಯಾಂಕಿಗೂ ಇದೇ ಮಾತು: ಫೋನಿಗಾಗಿ ಮಾಡಿದ 18 ವ್ಯಾಟಿನದ್ದು ಡೆಕ್ಕಿಗೆ ಸಾಲದು, 45 ವ್ಯಾಟಿನ ಪಿಡಿ (ಯುಎಸ್‌ಬಿ ವೇಗದ ಚಾರ್ಜಿಂಗ್) ಇರಲೇಬೇಕು. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಸೋರಿ ಕೈಗೆ ಸಿಗುವುದು 60ರ ಆಸುಪಾಸು. ಓಎಲ್‌ಇಡಿ ಡೆಕ್ಕಿನ 50 ವ್ಯಾಟ್-ಅವರ್ ಬ್ಯಾಟರಿ ಅದರಲ್ಲಿ ಒಮ್ಮೆ ತುಂಬುತ್ತದೆ, ಮೇಲೆ ಚೂರು ಉಳಿಯುತ್ತದೆ. ವಿಮಾನಕ್ಕೆ 100 ವ್ಯಾಟ್-ಅವರ್ ಒಳಗಿರಬೇಕು, ಕೈಚೀಲದಲ್ಲೇ ಇರಬೇಕು. 2025ರ ಜುಲೈನಿಂದ ಜಪಾನಿನ ವಿಮಾನಗಳಲ್ಲಿ ತಲೆ ಮೇಲಿನ ಗೂಡಿನಲ್ಲಿ ಪವರ್ ಬ್ಯಾಂಕ್ ಇಡುವಂತಿಲ್ಲ, ಕಣ್ಣೆದುರೇ ಇಟ್ಟುಕೊಳ್ಳಬೇಕು. ಸಿಂಗಪುರ, ದುಬೈ ದಾರಿಯ ಕೆಲವು ವಿಮಾನಗಳಲ್ಲಿ ಅದರಿಂದ ಚಾರ್ಜ್ ಮಾಡುವುದೂ ನಿಷಿದ್ಧ, ಹಾಗಾಗಿ ವಿಮಾನದ ಆಟಕ್ಕೆ ಅದನ್ನು ನಂಬಬೇಡಿ.

ಬ್ಯಾಟರಿ ಲೆಕ್ಕ ಹೀಗೆ: ಹೊಸ ದೊಡ್ಡ ಆಟ, ಟಿಡಿಪಿ (ಚಿಪ್ ಎಳೆಯುವ ವ್ಯಾಟಿನ ಮಿತಿ) 15ರಲ್ಲಿ ಬಿಟ್ಟರೆ ಎರಡು ಗಂಟೆಯ ಮೇಲೆ ಸ್ವಲ್ಪ. ಟಿಡಿಪಿ 8, 45 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು), ಪರದೆಯ ಬೆಳಕು ಮೂರನೇ ಒಂದು ಭಾಗ ಮಾಡಿದರೆ ನಾಲ್ಕರ ಹತ್ತಿರ. ಎರಡು ಆಯಾಮದ ಹಳೇ ಶೈಲಿಯ ಆಟಗಳು ಟಿಡಿಪಿ 4ರಲ್ಲೂ ಓಡುತ್ತವೆ, ಏಳು ಗಂಟೆ ಸಿಗುತ್ತದೆ. ಹಾಗಾಗಿ ಆಟಗಳನ್ನು ಆರಿಸಿದ್ದು ಹೆಸರು ನೋಡಿ ಅಲ್ಲ, ವ್ಯಾಟ್ ನೋಡಿ. ಒಂದು ದೊಡ್ಡದು, ರೂಮಿಗೆ. ಒಂದು ಸರದಿ ಪ್ರಕಾರ ಆಡುವ ಆಟ, ರೈಲಿಗೆ. ಐದಾರು ಸಣ್ಣವು, ಸಾಲಿನಲ್ಲಿ ನಿಂತಾಗ. ಶಿಂಕಾನ್ಸೆನ್‌ನಲ್ಲಿ ಎನ್700ಎಸ್ ರೈಲಾದರೆ ಪ್ರತಿ ಸೀಟಿಗೂ ಸಾಕೆಟ್ ಇದೆ. ಹಳೇ ಎನ್700ಎ ಆದರೆ ಕಿಟಕಿ ಪಕ್ಕ ಮತ್ತು ಬೋಗಿಯ ಮೊದಲ-ಕೊನೆಯ ಸಾಲಿಗೆ ಮಾತ್ರ. ಕಿಟಕಿ ಸೀಟೇ ಬುಕ್ ಮಾಡಿ.

ಈಗ ನಿಜವಾದ ಕೆಲಸ. ತಿಂಗಳು ಸಾಗುತ್ತೋ ಇಲ್ಲವೋ ಎಂಬುದು ಬೆಂಗಳೂರು ಬಿಡುವ ಮೊದಲೇ ತೀರ್ಮಾನವಾಗುತ್ತದೆ. ಹೊರಡುವ ವಾರ ಮನೆಯಲ್ಲೇ ಡೆಕ್ಕಿನ ವೈಫೈ ಬಂದ್ ಮಾಡಿ ಆಡಿ. ಅದಕ್ಕೂ ಮೊದಲು ಪ್ರತಿ ಆಟವನ್ನೂ ನೆಟ್ ಇದ್ದಾಗ ಒಮ್ಮೆ ತೆರೆದು ಒಳಗಿನ ಮೆನು ದಾಟಿ, ಆಟ ಶುರುವಾಗುವ ತನಕ ಹೋಗಿರಬೇಕು. ಡೌನ್‌ಲೋಡ್ ಮುಗಿದ ಮಾತ್ರಕ್ಕೆ ಸಿದ್ಧವಾಯಿತು ಅಂದುಕೊಳ್ಳಬೇಡಿ. ಮೊದಲ ಸಲ ತೆರೆದಾಗ ಬೇಕಾದ ಪೂರಕ ಫೈಲುಗಳು ಇಳಿಯುತ್ತವೆ, ಶೇಡರ್ (ಆಟದ ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂ) ತಯಾರಾಗುತ್ತದೆ, ಕೆಲವು ಆಟಗಳ ಸ್ವಂತ ಲಾಂಚರ್ ಲಾಗಿನ್ ಕೇಳುತ್ತದೆ. ಇದ್ಯಾವುದೂ ವಿಮಾನದಲ್ಲಿ ಆಗುವುದಿಲ್ಲ. ಡೆನುವೊ ಎಂಬ ನಕಲು ತಡೆಯುವ ಬೀಗವಿರುವ ಆಟಗಳದ್ದು ಇನ್ನೊಂದು ಕಿತಾಪತಿ: ಪ್ರೋಟಾನ್ ಆವೃತ್ತಿ ಬದಲಾಯಿಸಿದರೆ ಅವು ಅದನ್ನು ಹೊಸ ಕಂಪ್ಯೂಟರ್ ಅಂತ ಎಣಿಸುತ್ತವೆ. ಒಂದೇ ದಿನ ನಾಲ್ಕೈದು ಆವೃತ್ತಿ ಪ್ರಯೋಗ ಮಾಡಿದರೆ 24 ಗಂಟೆ ಬಾಗಿಲು ಬಂದ್. ಅಂಥ ಆಟಕ್ಕೆ ಒಂದು ಆವೃತ್ತಿ ಗೊತ್ತುಮಾಡಿ, ಅದನ್ನೇ ಇಟ್ಟುಕೊಳ್ಳಿ. ನನ್ನ ಸಲಹೆ ಕೇಳಿದರೆ ಡೆನುವೊ ಆಟ ಒಯ್ಯಲೇಬೇಡಿ.

ಮೆಮೊರಿ ಕಾರ್ಡಿನ ಬಗ್ಗೆ ಎರಡು ಮಾತು. ಕಾರ್ಡನ್ನು ಡೆಕ್ಕಿನಲ್ಲೇ ಫಾರ್ಮ್ಯಾಟ್ ಮಾಡಬೇಕು. ಆಟವನ್ನು ಕಾರ್ಡಿಗೆ ಹಾಕಿದರೂ ಶೇಡರ್ ಮತ್ತು ಪ್ರೋಟಾನ್ ಫೋಲ್ಡರುಗಳು ಒಳಗಿನ ಡಿಸ್ಕಿನಲ್ಲೇ ಕೂರುತ್ತವೆ. 64 ಜಿಬಿ ಮಾದರಿ ಇದ್ದವರಿಗೆ ಕಾರ್ಡ್ ಖಾಲಿ ಇದ್ದೂ ಜಾಗ ಸಾಲದು ಅನ್ನುವುದು ಇದರಿಂದಲೇ. ಮನೆಯಲ್ಲಿ ಪಿಸಿ ಇದ್ದರೆ ಸ್ಟೀಮಿನ ಲೋಕಲ್ ನೆಟ್‌ವರ್ಕ್ ವರ್ಗಾವಣೆ ಬಳಸಿ, 70-80 ಜಿಬಿಯ ಆಟವೂ ಮತ್ತೆ ಇಂಟರ್ನೆಟ್ಟಿಗೆ ಹೋಗದೆ ಬಂದು ಕೂರುತ್ತದೆ.

ಹೋಟೆಲ್ ವೈಫೈನಲ್ಲಿ ರೂಮ್ ನಂಬರ್ ಕೇಳುವ ಪುಟ ಬರುತ್ತದಲ್ಲ, ಡೆಕ್ಕಿನ ಗೇಮಿಂಗ್ ಮೋಡಿನಲ್ಲಿ ಅದು ಸರಿಯಾಗಿ ತೆರೆಯುವುದು ಅದೃಷ್ಟವಿದ್ದರೆ ಮಾತ್ರ. ಡೆಸ್ಕ್‌ಟಾಪ್ ಮೋಡಿಗೆ ಹೋಗಿ ಬ್ರೌಸರಿನಲ್ಲಿ ಒಪ್ಪಿಗೆ ಒತ್ತಿ ವಾಪಸು ಬನ್ನಿ. ಅದೂ ಆಗದಿದ್ದರೆ ಫೋನಿನ ಹಾಟ್‌ಸ್ಪಾಟ್. ಸೇವ್ ಕ್ಲೌಡಿಗೆ ಹೋಗಲು ಕೆಲವು ಎಂಬಿ ಸಾಕು. ಆಟವನ್ನು ಪೂರ್ತಿ ಮುಚ್ಚಿದ ಮೇಲೆಯೇ ಸೇವ್ ಮೇಲೆ ಹೋಗುವುದು ಅನ್ನುವುದು ನೆನಪಿರಲಿ, ಸ್ಲೀಪ್ ಮಾಡಿಟ್ಟರೆ ಹೆಚ್ಚಿನ ಆಟಗಳಲ್ಲಿ ಇಲ್ಲ. ಇನ್ನು, ಸ್ಟೀಮ್ ಅಂಗಡಿ ಜಪಾನಿನಲ್ಲಿ ತೆರೆದಾಗ ದೇಶ ಬದಲಿಸಲೇ ಎಂದು ಕೇಳಿದರೆ ಬೇಡ ಅನ್ನಿ. ಯೆನ್ ದರಕ್ಕೆ ಹೋದರೆ ನಮ್ಮ ರೂಪಾಯಿ ದರಕ್ಕೆ ಮರಳುವುದು ತಲೆನೋವು. ಸೇಲ್ ನೋಡಿಕೊಂಡು ಊರಿನಲ್ಲೇ ಕೊಂಡಿರಿ.

ಬೆಂಗಳೂರಿನ ಗೆಳೆಯರ ಜೊತೆ ಆನ್‌ಲೈನ್ ಆಟ? ಇಲ್ಲಿ ರಾತ್ರಿ 9 ಅಂದರೆ ಅಲ್ಲಿ ಹನ್ನೆರಡೂವರೆ. ಟೋಕಿಯೊದಿಂದ ಮುಂಬೈ ಸರ್ವರಿಗೆ ಪಿಂಗ್ (ಮಾಹಿತಿ ಹೋಗಿ ಬರುವ ಸಮಯ) 130 ಮಿಲಿಸೆಕೆಂಡಿನ ಸುತ್ತ, ಗುರಿ ಇಟ್ಟು ಹೊಡೆಯುವ ಆಟಕ್ಕೆ ಅದು ಪ್ರಯೋಜನವಿಲ್ಲ. ಎಲ್ಲರೂ ಸಿಂಗಪುರ ಸರ್ವರಿಗೆ ಬಂದರೆ ಎರಡೂ ಕಡೆಯ ನೋವು ಹಂಚಿಹೋಗುತ್ತದೆ. ವ್ಯಾಲೊರಂಟ್ ಎಂಬ ಶೂಟಿಂಗ್ ಆಟದ ಖಾತೆ ಏಷ್ಯಾ-ಪೆಸಿಫಿಕ್‌ದಾದರೆ ಟೋಕಿಯೊ, ಸಿಂಗಪುರ, ಮುಂಬೈ ಮೂರೂ ಅದರಲ್ಲೇ ಇವೆ, ಆದರೆ ಅದಕ್ಕೆ ವಿಂಡೋಸ್ ಬೇಕು. ಆಗ ನೆಟ್ ಕೆಫೆಗೆ ಹೋಗಿ. ರಾತ್ರಿ ಪ್ಯಾಕ್ ಎರಡು-ಮೂರು ಸಾವಿರ ಯೆನ್, ಒಳ್ಳೆ ಪಿಸಿ, ಸ್ನಾನಕ್ಕೆ ಶವರ್, ಕೆಲವು ಕಡೆ ಬೀಗ ಹಾಕುವ ಕೋಣೆ. ಹಾಸ್ಟೆಲ್ ದುಬಾರಿಯಾಗುವ ಶನಿವಾರದ ರಾತ್ರಿಗಳನ್ನು ನಾನು ಹೀಗೇ ನಿಭಾಯಿಸಿದ್ದು. ಮಲಗುವ ಖರ್ಚೂ ಆಟದ ಖರ್ಚೂ ಒಂದೇ ಚೀಟಿಯಲ್ಲಿ.

ನಾಣ್ಯ ಹಾಕಿ ಆಡುವ ಯಂತ್ರಗಳಿರುವ ಆರ್ಕೇಡ್‌ಗಳಿಗೆ ಬರೋಣ, ಹೋದದ್ದೇ ಇದಕ್ಕೆ. ಬೆಳಿಗ್ಗೆ 10ಕ್ಕೆ ತೆರೆದು ರಾತ್ರಿ 11-12ಕ್ಕೆ ಮುಚ್ಚುತ್ತವೆ. ವಾರದ ದಿನಗಳ ಬೆಳಿಗ್ಗೆ ಯಂತ್ರಗಳು ಖಾಲಿ, ಕಲಿಯುವವರಿಗೆ ಅದೇ ಹೊತ್ತು. ಒಂದು ಆಟಕ್ಕೆ 100 ಯೆನ್, ನಮ್ಮ 60 ರೂಪಾಯಿ ಇರಬಹುದು. ಹಳೇ ಆಟಗಳು ಅಲ್ಲಲ್ಲಿ 50ಕ್ಕೂ ಸಿಗುತ್ತವೆ. ಅಕಿಹಬರಾದ ಟೈಟೊ ಹೇ ಮತ್ತು ತಕದನೊಬಬಾದ ಮಿಕಾಡೊ ಹಳೇ ಶೂಟಿಂಗ್, ಫೈಟಿಂಗ್ ಆಟಗಳ ಜಾಗ. ಹಳೇ ಸೆಗಾ ಆರ್ಕೇಡ್‌ಗಳ ಹೆಸರು ಈಗ ಗಿಗೊ. ಹಾಡಿನ ತಾಳಕ್ಕೆ ಸರಿಯಾಗಿ ಒತ್ತುವ ರಿದಮ್ ಆಟ ಆಡುವವರು ಮೊದಲು 300 ಯೆನ್ ಕೊಟ್ಟು ನಿಮ್ಮ ಆಟ ನೆನಪಿಡುವ ಐಸಿ ಕಾರ್ಡ್ ಕೊಳ್ಳಿ. ಅಮ್ಯೂಸ್‌ಮೆಂಟ್ ಐಸಿ ಗುರುತಿರುವ ಒಂದೇ ಕಾರ್ಡು ಸೆಗಾ, ಕೊನಾಮಿ, ಬಂದೈ ನಾಮ್ಕೊ, ಟೈಟೊ ಎಲ್ಲದಕ್ಕೂ ನಡೆಯುತ್ತದೆ. ಕಾರ್ಡಿಲ್ಲದೆ ಆಡಿದರೆ ಪ್ರತಿ ಸಲ ಪಾಠದಿಂದ ಶುರು. ಮೈಮೈ ಎಂಬ ರಿದಮ್ ಆಟಕ್ಕೆ ತೆಳು ಹತ್ತಿಯ ಕೈಗವಸು ಹಾಕಿ. ಗಾಜಿನ ಮೇಲೆ ಬೆರಳು ಎಳೆದು ಎಳೆದು ಚರ್ಮ ಸುಲಿಯುತ್ತದೆ, ಬೆವರಿದರೆ ಸ್ಲೈಡ್ ತಪ್ಪುತ್ತದೆ. ಯಾರಾದರೂ ಕಾಯುತ್ತಿದ್ದರೆ ಒಂದು ಕ್ರೆಡಿಟ್ ಮುಗಿದ ಕೂಡಲೇ ಎದ್ದು ಸಾಲಿನ ಹಿಂದೆ ಹೋಗಬೇಕು. ಕೆಲವು ಕಡೆ ಹೆಸರು ಬರೆಯುವ ಹಾಳೆ ಯಂತ್ರದ ಪಕ್ಕದಲ್ಲೇ ಇರುತ್ತದೆ.

ಹೊಡೆತ ಬೀಳುವುದು ಗೊಂಬೆ ಎತ್ತುವ ಕ್ರೇನ್ ಯಂತ್ರದಲ್ಲಿ. ಮೂರು ಉಗುರಿನ ಕ್ರೇನಿನ ಹಿಡಿತ ಅಂಗಡಿಯವರು ಇಟ್ಟಷ್ಟೇ, ಎರಡು ಸಾವಿರ ಯೆನ್ ನುಂಗಿದ ಮೇಲೂ ಜಾರುತ್ತದೆ. ಎರಡು ಕಂಬಿಯ ಮೇಲೆ ಡಬ್ಬ ಇಟ್ಟಿರುವ ಬಗೆಯಲ್ಲಿ ಕೈಚಳಕಕ್ಕೆ ಬೆಲೆಯಿದೆ: ಎತ್ತಲು ಹೋಗದೆ ಒಂದು ಮೂಲೆಯನ್ನು ತಳ್ಳಿ ತಿರುಗಿಸುತ್ತಾ ಬರಬೇಕು. ಸಿಕ್ಕಿಕೊಂಡರೆ ಸಿಬ್ಬಂದಿಯನ್ನು ಕರೆಯಿರಿ, ಸರಿಪಡಿಸಿ ಇಡುತ್ತಾರೆ. ಆ ಗೊಂಬೆ ಡಬ್ಬಗಳು 7 ಕಿಲೊ ಬ್ಯಾಗಿಗೆ ಹಿಡಿಸುವುದಿಲ್ಲ ಅನ್ನುವುದೂ ಗಮನದಲ್ಲಿರಲಿ.

ಹಣ, ನೆನಪಿನಿಂದ: ವಿಮಾನಕ್ಕೆ 50 ಸಾವಿರ ಚಿಲ್ಲರೆ. ನರಿಟಾಗೆ ನೇರ ವಿಮಾನ ಇದೆ, ಕೌಲಾಲಂಪುರದಲ್ಲಿ ಬದಲಿಸಿದರೆ ಅಗ್ಗ. ಹಾಸ್ಟೆಲ್ ರಾತ್ರಿಗೆ ಮೂರೂವರೆ ಸಾವಿರ ಯೆನ್, ಒಟ್ಟು 60-65 ಸಾವಿರ ರೂಪಾಯಿ. ಊಟ 35 ಸಾವಿರ. ಆರ್ಕೇಡಿಗೆ ದಿನಕ್ಕೆ ಸಾವಿರ ಯೆನ್ ಅಂತ ಮಿತಿ, ಅದು 20 ಸಾವಿರ ರೂಪಾಯಿಯೊಳಗೆ. 2023ರ ಅಕ್ಟೋಬರಿನಲ್ಲಿ ಪ್ರವಾಸಿಗಳ ರೈಲು ಪಾಸ್ (ಜೆಆರ್ ಪಾಸ್) ದರ ಏರಿ ಏಳು ದಿನಕ್ಕೆ 50,000 ಯೆನ್ ಆಯಿತು, ಬಿಡಿ ಟಿಕೆಟ್ಟೇ ಮೇಲು. ಟೋಕಿಯೊ-ಒಸಾಕಾಗೆ ರಾತ್ರಿ ಬಸ್ ಶಿಂಕಾನ್ಸೆನ್ನಿನ ಅರ್ಧಕ್ಕೂ ಕಡಿಮೆ. ರೈಲು-ಬಸ್ಸಿಗೆ ದುಡ್ಡು ತುಂಬಿಟ್ಟುಕೊಳ್ಳುವ, ಪ್ರವಾಸಿಗಳ ವೆಲ್‌ಕಮ್ ಸುಯಿಕಾ ಕಾರ್ಡ್ 28 ದಿನಕ್ಕೇ ಸಾಯುತ್ತದೆ, ಉಳಿದ ದುಡ್ಡು ವಾಪಸು ಇಲ್ಲ. ತಿಂಗಳಿರುವವರು ಮಾಮೂಲಿ ಸುಯಿಕಾ ಅಥವಾ ಇಕೋಕಾ ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಅಂಗಡಿಗಳು ಇನ್ನೊಂದು ಲೋಕ. ಒಸಾಕಾದ ದೆನ್ ದೆನ್ ಟೌನ್, ಟೋಕಿಯೊದ ನಕಾನೊ ಬ್ರಾಡ್‌ವೇ, ಊರೂರಿಗೂ ಇರುವ ಹಾರ್ಡ್ ಆಫ್. ಹಾರ್ಡ್ ಆಫಿನ ನೀಲಿ ಬುಟ್ಟಿಗಳಲ್ಲಿ ‘ಜಂಕ್’ ಚೀಟಿ ಅಂಟಿಸಿದ ಮಾಲು ರಾಶಿ ಇರುತ್ತದೆ. ಗ್ಯಾರಂಟಿ ಇಲ್ಲ, ಹಿಂದಿರುಗಿಸುವಂತಿಲ್ಲ. ಗೇಮ್‌ಬಾಯ್ ಅಡ್ವಾನ್ಸ್, ಡಿಎಸ್ ಲೈಟ್, ಪಿಎಸ್‌ಪಿ ಆಟಗಳಿಗೆ ದೇಶದ ಬೀಗ (ಒಂದು ದೇಶದ ಆಟ ಇನ್ನೊಂದು ದೇಶದ ಯಂತ್ರದಲ್ಲಿ ಓಡದಂತೆ ಮಾಡುವುದು) ಇಲ್ಲ, ಕಣ್ಣುಮುಚ್ಚಿ ಕೊಳ್ಳಬಹುದು. 3ಡಿಎಸ್‌ಗೆ ಬೀಗ ಇದೆ, ಮೆನುವೂ ಜಪಾನಿಯಲ್ಲೇ. ಡಿಎಸ್ ಲೈಟಿನ ಬಲ ಹಿಂಜಿನಲ್ಲಿ ಸೀಳು, ಪಿಎಸ್‌ಪಿಯ ಬ್ಯಾಟರಿ ಮುಚ್ಚಳ ಉಬ್ಬಿದೆಯೇ, ಇವೆರಡು ಮೊದಲು ನೋಡಿ. ಉಬ್ಬಿದ ಬ್ಯಾಟರಿ ಅಲ್ಲೇ ಬಿಟ್ಟು ಬನ್ನಿ. ಅಲ್ಲಿನ ಹಳೇ ಅಡಾಪ್ಟರುಗಳ ಮೇಲೆ 100ವಿ ಅಂತ ಮಾತ್ರ ಇದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣ ಸುಟ್ಟುಹೋಗುತ್ತದೆ. ಅದರ ಬದಲು ಯುಎಸ್‌ಬಿ ಕೇಬಲ್ ಕೊಳ್ಳಿ. ನಿಂಟೆಂಡೊ ಸ್ವಿಚ್ 2 2025ರಲ್ಲಿ ಅಲ್ಲಿ 49,980 ಯೆನ್ ಇದ್ದದ್ದು ನೋಡಿ ಬಾಯಲ್ಲಿ ನೀರು ಬರುತ್ತಿತ್ತು. ಆ ದರದ್ದು ಜಪಾನಿ ಭಾಷೆಗೆ, ಜಪಾನಿನ ಖಾತೆಗೆ ಮಾತ್ರ. ಬಹುಭಾಷೆಯದ್ದು ಆಗ 69,980 ಇತ್ತು. ಒಳ್ಳೆ ಜಂಕ್ ಸಿಗುವ ನನ್ನ ಅಂಗಡಿ ಯಾವ ಸ್ಟೇಷನ್ ಹತ್ತಿರ ಅಂತ ಮಾತ್ರ ಹೇಳುವುದಿಲ್ಲ. ಊರ ಮಧ್ಯದ್ದಲ್ಲ ಅನ್ನುವಷ್ಟು ಸಾಕು. ವಾರದ ಯಾವ ದಿನ ಹೋಗಬೇಕೆಂಬುದೂ ನನ್ನಲ್ಲೇ ಇರಲಿ.

ಕ್ಯೋಟೊ ಹತ್ತಿರದ ಉಜಿಯ ನಿಂಟೆಂಡೊ ಮ್ಯೂಸಿಯಂಗೆ ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ. ಮೂರು ತಿಂಗಳು ಮೊದಲೇ ಲಾಟರಿಗೆ ಹೆಸರು ಹಾಕಬೇಕು, 3,300 ಯೆನ್. ಬಿದ್ದ ತಾರೀಖಿನ ಸುತ್ತ ಉಳಿದ ಪ್ರವಾಸ ಹೊಂದಿಸಿ, ಉಲ್ಟಾ ಮಾಡಲು ಹೋಗಬೇಡಿ. ಒಳಗೆ ಹತ್ತು ಡಿಜಿಟಲ್ ನಾಣ್ಯ ಕೊಡುತ್ತಾರೆ, ಹೆಚ್ಚಿಗೆ ಕೊಳ್ಳಲಾಗುವುದಿಲ್ಲ. ದೊಡ್ಡ ಪರದೆಯ ಶೂಟಿಂಗಿಗೇ ನಾಲ್ಕು ಹೋಗುತ್ತದೆ, ನೋಡಿಕೊಂಡು ಖರ್ಚು ಮಾಡಿ.

ಕಡೆಗೊಂದು ಪ್ರಯೋಗ: ಆಟದೊಳಗಿನ ಊರಿಗೇ ಹೋಗಿ ಆ ಆಟ ಆಡುವುದು. ಯಾಕುಜಾ ಆಟಗಳ ಸರಣಿಯಲ್ಲಿ ಬರುವ ಕಮುರೊಚೊ ಅಂದರೆ ಟೋಕಿಯೊದ ಶಿಂಜುಕುವಿನ ಕಬುಕಿಚೊ. ಆಟದ ನಕಾಶೆ ನೆನಪಿದ್ದರೆ ಗೂಗಲ್ ಮ್ಯಾಪ್ ಇಲ್ಲದೆ ತಿರುಗಬಹುದು. ಗೋಸ್ಟ್ ಆಫ್ ತ್ಸುಶಿಮಾ ಡೆಕ್ಕಿನಲ್ಲಿ 30 ಎಫ್‌ಪಿಎಸ್‌ಗೆ ಕಟ್ಟಿದರೆ ಸಲೀಸಾಗಿ ಓಡುತ್ತದೆ. ಫುಕುಓಕಾದ ಹಕಾತಾ ಬಂದರಿನಿಂದ ತ್ಸುಶಿಮಾ ದ್ವೀಪದ ಇಝುಹಾರಾಗೆ ಜೆಟ್‌ಫಾಯಿಲ್ ಎಂಬ ವೇಗದ ದೋಣಿ ಎರಡೂಕಾಲು ಗಂಟೆ. ಆಟ ಶುರುವಾಗುವ ಕೊಮೊದಾ ತೀರ ನಿಜವಾಗಿಯೂ ಇದೆ, 1274ರಲ್ಲಿ ಮಂಗೋಲರು ಇಳಿದದ್ದು ಅಲ್ಲೇ. ದ್ವೀಪದಲ್ಲಿ ಬಸ್ಸು ದಿನಕ್ಕೆ ನಾಲ್ಕಾರು ಅಷ್ಟೇ, ಕಾರು ಬೇಕು. ಆರ್‌ಟಿಒದಲ್ಲಿ ಸಾವಿರ ರೂಪಾಯಿಗೆ ಐಡಿಪಿ (ಅಂತಾರಾಷ್ಟ್ರೀಯ ಚಾಲನಾ ಪರವಾನಗಿ) ಮಾಡಿಸಿಕೊಂಡು ಹೋಗಿ, ಅಲ್ಲಿಗೆ ಹೋದಮೇಲೆ ದಾರಿಯಿಲ್ಲ. ಕಡಲು ಒರಟಾದರೆ ದೋಣಿ ರದ್ದಾಗುತ್ತದೆ. ಆದ್ದರಿಂದ ತ್ಸುಶಿಮಾದಿಂದ ಹೊರಡುವ ದಿನಕ್ಕೂ ಮನೆಗೆ ಮರಳುವ ವಿಮಾನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ. ಆ ಎರಡು ದಿನಕ್ಕೆ ಫುಕುಓಕಾದಲ್ಲೂ ಆರ್ಕೇಡ್ ಇವೆ.