ಬಿಡಿಎಸ್ ವಿದ್ಯಾರ್ಥಿಯ ಮೊದಲ ಸಂಶೋಧನೆ: ಪ್ರಶ್ನೆಯಿಂದ ವರದಿಯವರೆಗೆ

ದಂತ ವೈದ್ಯಕೀಯ ಕಾಲೇಜುಗಳಲ್ಲಿ ಸಂಶೋಧನೆಯ ಆಸೆ ಹೊತ್ತು ಅಧ್ಯಾಪಕರ ಕೊಠಡಿಗೆ ಬರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಆದರೆ ಬಂದವರಲ್ಲಿ ಅನೇಕರ ಪ್ರಸ್ತಾವ ತಿರಸ್ಕೃತವಾಗುತ್ತದೆ, ಇನ್ನು ಕೆಲವರ ಕೆಲಸ ನಡುವೆ ನಿಲ್ಲುತ್ತದೆ. ವರ್ಷ ವರ್ಷವೂ ಇದನ್ನು ನೋಡಿದ ಮೇಲೆ ಹೇಳಬಹುದಾದದ್ದು ಇಷ್ಟು: ಎಡವುವುದು ಹೆಚ್ಚಾಗಿ ಪ್ರಶ್ನೆಯನ್ನು ರೂಪಿಸುವಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚು ಭಾಗ ಅದಕ್ಕೇ ಮೀಸಲು.

ಮೊದಲು ಅವಕಾಶ ಎಲ್ಲಿದೆ ಎಂಬುದನ್ನು ತಿಳಿಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ನಡೆಸುತ್ತಿರುವ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯನ್ನು ವಿದ್ಯಾರ್ಥಿಗಳು ಎಸ್‌ಟಿಎಸ್ ಎಂದೇ ಕರೆಯುತ್ತಾರೆ. ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳು ತಮ್ಮದೇ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ಕೆಲಸ ಮಾಡಿ ವರದಿ ಸಲ್ಲಿಸಬೇಕು. ವರದಿ ಒಪ್ಪಿಗೆಯಾದ ಮೇಲಷ್ಟೇ ಹಣ ಕೈಸೇರುತ್ತದೆ. ಇಂಟರ್ನ್‌ಗಳಿಗೆ ಇದರಲ್ಲಿ ಅವಕಾಶವಿಲ್ಲ. ಆಯಾ ವರ್ಷದ ನಿಯಮಗಳನ್ನು ಮಂಡಳಿಯ ಪ್ರಕಟಣೆಯಲ್ಲೇ ಓದಿಕೊಳ್ಳಿ. ಸೀನಿಯರ್‌ಗಳ ಬಾಯಿಮಾತನ್ನು ನಂಬಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಧನಸಹಾಯ ನೀಡುತ್ತದೆ. ಮೂರನೆಯ ವರ್ಷದ ಆರಂಭವೇ ಇದಕ್ಕೆ ಒಳ್ಳೆಯ ಸಮಯವೆಂದು ನನ್ನ ದೃಢ ಅಭಿಪ್ರಾಯ: ಒಪಿಡಿಯಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿರುತ್ತೀರಿ, ಅಂತಿಮ ವರ್ಷದ ಒತ್ತಡ ಇನ್ನೂ ಬಂದಿರುವುದಿಲ್ಲ.

ಗೈಡ್ ಆಯ್ಕೆಯಲ್ಲಿ ಒಂದೇ ಮಾತು. ದೊಡ್ಡ ಹೆಸರಿನವರಿಗಿಂತ ವಾರಕ್ಕೊಮ್ಮೆ ಅರ್ಧ ಗಂಟೆ ಕೊಡುವವರು ಮೇಲು.

ಇನ್ನು ಪ್ರಶ್ನೆ. ಒಂದು ಉದಾಹರಣೆ ಹಿಡಿದು ನೋಡೋಣ. ತುಮಕೂರು ಜಿಲ್ಲೆಯ ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ವಿದ್ಯಾರ್ಥಿಯೊಬ್ಬರು ‘ಪಾವಗಡದಲ್ಲಿ ದಂತ ಫ್ಲೋರೋಸಿಸ್ ಮತ್ತು ಅದರ ನಿವಾರಣೆ’ ಎಂದು ಬರೆದುಕೊಂಡು ಬರುತ್ತಾರೆ. (ಫ್ಲೋರೈಡ್ ಅತಿಯಾಗಿ ದೇಹ ಸೇರಿ ಹಲ್ಲಿನ ಮೇಲೆ ಕಲೆ ಮೂಡುವುದೇ ದಂತ ಫ್ಲೋರೋಸಿಸ್.) ಇದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಯಾರಲ್ಲಿ, ಯಾವ ವಯಸ್ಸಿನಲ್ಲಿ, ಏನನ್ನು ಅಳೆದು, ಯಾವುದರೊಂದಿಗೆ ಹೋಲಿಸುತ್ತೀರಿ ಎಂಬ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಅದನ್ನು ಕಿರಿದಾಗಿಸಬೇಕು. ಹಾಗೆ ಮಾಡಿದಾಗ ಸಾಮಾನ್ಯವಾಗಿ ಬರುವ ಎರಡನೆಯ ರೂಪ ಇದು: ‘ಶುದ್ಧ ಕುಡಿಯುವ ನೀರಿನ ಘಟಕದ ನೀರು ಕುಡಿಯುವ 12 ವರ್ಷದ ಮಕ್ಕಳಲ್ಲಿ ಕೊಳವೆಬಾವಿ ನೀರು ಕುಡಿಯುವವರಿಗಿಂತ ಫ್ಲೋರೋಸಿಸ್ ಕಡಿಮೆ ಇದೆಯೇ?’ ನೋಡಲು ಅಚ್ಚುಕಟ್ಟಾಗಿದೆ, ಆದರೆ ಒಳಗೆ ದೊಡ್ಡ ದೋಷವಿದೆ. ಫ್ಲೋರೋಸಿಸ್ ಉಂಟಾಗುವುದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ರೂಪುಗೊಳ್ಳುವ ಕಾಲದಲ್ಲಿ. ಕಾಯಂ ಬಾಚಿಹಲ್ಲುಗಳ ಎನಾಮಲ್ ಸುಮಾರು ನಾಲ್ಕೈದು ವರ್ಷದೊಳಗೆ, ಎರಡನೆಯ ದವಡೆ ಹಲ್ಲುಗಳದ್ದು ಏಳೆಂಟು ವರ್ಷದೊಳಗೆ ಪೂರ್ಣಗೊಳ್ಳುತ್ತದೆ. 12 ವರ್ಷದ ಮಗು ಇಂದು ಯಾವ ನೀರು ಕುಡಿಯುತ್ತಿದೆ ಎಂದು ಕೇಳಿದರೆ, ಬಾಚಿಹಲ್ಲಿನ ಕಲೆಗೆ ಸಂಬಂಧವೇ ಇಲ್ಲದ ಉತ್ತರ ಸಿಗುತ್ತದೆ. ಕೇಳಬೇಕಾದದ್ದು ಹುಟ್ಟಿನಿಂದ ಮಗು ಎಲ್ಲಿ ಬೆಳೆಯಿತು, ಆಗ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು, ಊರಿಗೆ ಘಟಕ ಬಂದದ್ದು ಯಾವ ವರ್ಷ ಎಂಬುದನ್ನು. ಹುಟ್ಟಿದಾಗಿನಿಂದ ಅದೇ ಊರಿನಲ್ಲಿರುವ ಮಕ್ಕಳನ್ನಷ್ಟೇ ಸೇರಿಸಿ, ಬಾಲ್ಯದ ನೀರಿನ ಮೂಲವನ್ನು ತಾಯಿಯಿಂದ ಕೇಳಿ ತಿಳಿಯುವಂತೆ ಪ್ರಶ್ನೆಯನ್ನು ತಿದ್ದಿದಾಗ ಅದು ನಿಲ್ಲುತ್ತದೆ. ನೀವು ಅಳೆಯುವ ಲಕ್ಷಣ ದೇಹದಲ್ಲಿ ಯಾವಾಗ ಮೂಡಿತು ಎಂಬುದನ್ನು ಕೇಳಿಕೊಳ್ಳದೆ ಯಾವ ಪ್ರಸ್ತಾವವನ್ನೂ ಬರೆಯಬೇಡಿ.

ನೀರಿನ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತನ್ನಿ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ.

ಮುಂದಿನದು ಸ್ಯಾಂಪಲ್ ಗಾತ್ರ, ಅಂದರೆ ಎಷ್ಟು ಜನರನ್ನು ಪರೀಕ್ಷಿಸಬೇಕು ಎಂಬ ಲೆಕ್ಕ. ಪ್ರಸ್ತಾವಗಳಲ್ಲಿ 384 ಎಂಬ ಅಂಕಿ ಎಲ್ಲೆಂದರಲ್ಲಿ ಕಾಣುತ್ತದೆ. ರೋಗ ಶೇ 50ರಷ್ಟಿದೆ ಎಂದು ಊಹಿಸಿ, ಶೇ 5ರ ದೋಷಮಿತಿ ಮತ್ತು ಶೇ 95ರ ವಿಶ್ವಾಸಮಟ್ಟ ಇಟ್ಟುಕೊಂಡಾಗ ಬರುವ ಸಂಖ್ಯೆ ಅದು. ಹಿಂದಿನ ಅಧ್ಯಯನದಲ್ಲಿ ಶೇ 30 ಎಂದಿದ್ದರೆ ಅದೇ ಲೆಕ್ಕ 323ಕ್ಕೆ ಬರುತ್ತದೆ. ಎರಡು ಗುಂಪುಗಳನ್ನು ಹೋಲಿಸುವುದಾದರೆ ಸೂತ್ರವೇ ಬೇರೆ. ಶಾಲೆ ಶಾಲೆಯಾಗಿ ಮಕ್ಕಳನ್ನು ಆರಿಸಿದರೆ ಸಂಖ್ಯೆಯನ್ನು ಇನ್ನೂ ಹೆಚ್ಚಿಸಬೇಕು. ಸಂಖ್ಯಾಶಾಸ್ತ್ರದ ಅಧ್ಯಾಪಕರನ್ನು ಈ ಹಂತದಲ್ಲೇ ಕಾಣಿ, ದತ್ತಾಂಶ ಕೈಗೆ ಬಂದ ಮೇಲಲ್ಲ. ಹಣ ಪಡೆದು ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವದ ಸಾರಾಂಶ) ಬರೆದು, ಟೇಬಲ್‌ಗಳನ್ನೂ ಸಿದ್ಧಪಡಿಸಿ ಕೊಡುವವರು ಈಗ ಬಹಳ. ಅವರ ಹತ್ತಿರ ಹೋಗಬೇಡಿ. ಪರೀಕ್ಷಕರು ಕೇಳುವ ಎರಡನೆಯ ಪ್ರಶ್ನೆಗೇ ನೀವು ಮೌನವಾಗುತ್ತೀರಿ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಕೊಡುವ ಆಕರ ಪಟ್ಟಿಯಲ್ಲಿ ಅಸ್ತಿತ್ವದಲ್ಲೇ ಇಲ್ಲದ ಲೇಖನಗಳಿರುವುದೂ ಉಂಟು. ಪ್ರತಿಯೊಂದನ್ನೂ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ, ಓದಿ, ಆಮೇಲೆ ಸೇರಿಸಿ.

ನೈತಿಕ ಸಮಿತಿಯ ಅನುಮತಿ ಬರುವ ಮೊದಲು ಒಂದು ಮಗುವಿನ ಬಾಯನ್ನೂ ಪರೀಕ್ಷಿಸುವಂತಿಲ್ಲ. ಮುಗಿದ ಕೆಲಸಕ್ಕೆ ಹಿಂದಿನ ದಿನಾಂಕದ ಅನುಮತಿ ಎಂಬುದು ಇಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿಯನ್ನೂ ಅದಕ್ಕಿಂತ ದೊಡ್ಡ ಮಕ್ಕಳ ಲಿಖಿತ ಸಮ್ಮತಿಯನ್ನೂ ಪಡೆಯಬೇಕು. ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ಯಾವ ತಾಯಿಗೂ ಅದು ಅರ್ಥವಾಗುವುದಿಲ್ಲ. ‘ಮಗುವಿನ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಇದೆಯೇ ಎಂದು ನೋಡುತ್ತೇವೆ, ಚುಚ್ಚುವುದಿಲ್ಲ, ಹಲ್ಲು ಕೀಳುವುದಿಲ್ಲ, ಬೇಡವೆಂದರೆ ಬಿಡುತ್ತೇವೆ’ ಎಂದು ನೇರವಾಗಿ ಬರೆಯಿರಿ. ಪಾವಗಡದಂಥ ಗಡಿ ತಾಲ್ಲೂಕಿನಲ್ಲಿ ಅನೇಕ ಮನೆಗಳ ಮಾತು ತೆಲುಗು; ಪತ್ರ ಆ ಭಾಷೆಯಲ್ಲೂ ಇರಲಿ. ಶಾಲೆಗೆ ಹೋಗುವ ಮುನ್ನ ಕ್ಷೇತ್ರ ಶಿಕ್ಷಣಾಧಿಕಾರಿಯವರ ಅನುಮತಿ ಪಡೆಯಿರಿ.

ಹಲ್ಲು ನೋಡುವ ಕೆಲಸ ಸುಲಭವೆಂದು ಭಾವಿಸುವುದು ಇನ್ನೊಂದು ತಪ್ಪು. ಫ್ಲೋರೋಸಿಸ್‌ನ ತೀವ್ರತೆಗೆ ಅಂಕ ಕೊಡುವ ಡೀನ್ ಸೂಚ್ಯಂಕದಲ್ಲಿ ಹೆಚ್ಚು ಬಾಧಿತವಾದ ಎರಡು ಹಲ್ಲುಗಳನ್ನು ನೋಡಿ, ಎರಡರ ಅಂಕ ಬೇರೆಯಿದ್ದರೆ ಕಡಿಮೆಯದನ್ನು ದಾಖಲಿಸಬೇಕು. ಬಾಯಿಯ ಎರಡೂ ಬದಿಯ ಜೋಡಿ ಹಲ್ಲುಗಳಲ್ಲಿ ಕಲೆ ಸಮನಾಗಿದ್ದರೆ ಫ್ಲೋರೋಸಿಸ್ ಇರುವ ಸಾಧ್ಯತೆ ಹೆಚ್ಚು. ಒಂದೇ ಹಲ್ಲಿನ ಮೇಲಿನ ಬಿಳಿ ಚುಕ್ಕೆ ಸಾಮಾನ್ಯವಾಗಿ ಬೇರೆ ಕಾರಣದ್ದು. ಮೊದಲು ಗೈಡ್ ಜೊತೆ ಕೂತು ಅದೇ ಮಕ್ಕಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ಅಂಕಗಳನ್ನು ಹೋಲಿಸಿ. ಅಧ್ಯಯನದ ನಡುವೆ ಹತ್ತರಲ್ಲಿ ಒಂದು ಮಗುವನ್ನು ಇನ್ನೊಂದು ದಿನ ಮತ್ತೆ ನೋಡಿ, ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕಪ್ಪಾ ಮೌಲ್ಯ 0.8ಕ್ಕಿಂತ ಕೆಳಗಿದ್ದರೆ ಕೆಲಸ ನಿಲ್ಲಿಸಿ ಪುನಃ ತರಬೇತಿ ಪಡೆಯಿರಿ.

ದತ್ತಾಂಶವನ್ನು ಅಂದಂದೇ ಕಂಪ್ಯೂಟರ್‌ಗೆ ಏರಿಸಿ, ಮಗುವಿನ ಹೆಸರಿನ ಬದಲು ಸಂಖ್ಯೆ ಬಳಸಿ.

ವರದಿ ಬರೆಯುವಾಗ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿದ್ದರೂ ಹಾಗೆಯೇ ಬರೆಯಿರಿ. ಪ್ರಕಟಣೆಗೆ ಮೂರು ದಿನದಲ್ಲಿ ಒಪ್ಪಿಗೆ ಕೊಡುತ್ತೇವೆ ಎಂದು ಇಮೇಲ್ ಕಳಿಸಿ ಹಣ ಕೇಳುವ ಪತ್ರಿಕೆಗಳನ್ನು ದೂರವಿಡಿ, ಕೆಲಸದಲ್ಲಿ ಕೈಯಿಡದವರ ಹೆಸರನ್ನು ಲೇಖಕರ ಪಟ್ಟಿಗೆ ಸೇರಿಸಬೇಡಿ. ಪರೀಕ್ಷೆಯಲ್ಲಿ ಹುಳುಕು ಕಂಡ ಮಕ್ಕಳಿಗೆ ಹತ್ತಿರದ ಆಸ್ಪತ್ರೆಗೆ ತೋರಿಸುವ ಚೀಟಿಯನ್ನು ಅದೇ ದಿನ ಕೊಡಿ, ನೀರಿನ ಪರೀಕ್ಷೆಯ ಫಲಿತಾಂಶದ ಪ್ರತಿಯೊಂದನ್ನು ಗ್ರಾಮ ಪಂಚಾಯಿತಿಗೂ ಶಾಲೆಯ ಮುಖ್ಯೋಪಾಧ್ಯಾಯರಿಗೂ ತಲುಪಿಸಿ.